ಕ್ಯುರೇಟರ್‌ಗೆ ದುಡ್ಡು ಕೊಡಬೇಕಾ? ಯುವ ಕಲಾವಿದರ ‘ಕರಿಯರ್ ಪ್ಯಾಕೇಜ್’ ಒಳಗೆ ಏನಿದೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ, ಮೆಟ್ರೊದಲ್ಲೋ, ಹಾಸ್ಟೆಲ್ ರೂಮಲ್ಲೋ ಕೇಳ್ತಾ ಇರೋ ನಿಮಗೆ ಇವತ್ತು ಒಂದು ಫೋನ್ ಕಾಲ್ ಬಗ್ಗೆ ಹೇಳಬೇಕು.

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಊರು ಬ್ಯಾಡಗಿ. ದಾವಣಗೆರೆಯಲ್ಲಿ ದೃಶ್ಯಕಲೆ ಓದ್ತಿದ್ದಾಳೆ, ಕೊನೆಯ ವರ್ಷ. ದನಿಯಲ್ಲಿ ಖುಷಿಯೂ ಇತ್ತು, ಗಾಬರಿಯೂ ಇತ್ತು.

“ಅಣ್ಣಾ, ಒಬ್ರು ಕ್ಯುರೇಟರ್ ಇನ್‌ಸ್ಟಾಗ್ರಾಮ್‌ನಾಗ ನನ್ನ ಕೆಲ್ಸ ನೋಡ್ಯಾರಂತ. ಭಾಳ ಚಲೋ ಐತಿ ಅಂದಾರ. ದಿಲ್ಲಿಯೊಳಗ ಶೋ ಮಾಡಸ್ತಾರಂತ. ಮೂವತ್ತೆಂಟು ಸಾವಿರ ಕಟ್ಟಬೇಕಂತ. ಅಪ್ಪಗ ಹೇಳ್ಲೋ ಬ್ಯಾಡೋ?”

ಅವಳ ಅಪ್ಪ, ಅಂದ್ರೆ ನಮ್ಮ ಕಾಕಾ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಕೆಲಸ ಮಾಡ್ತಾರೆ. ಮೂವತ್ತೆಂಟು ಸಾವಿರ ರೂಪಾಯಿ ಆ ಮನೆಗೆ ಸಣ್ಣ ದುಡ್ಡಲ್ಲ. “ನಾಳೆ ಸಂಜೆ ತನಕ ಯಾರಿಗೂ ಹೇಳಬೇಡ, ಮೊದಲು ಆ ಮೆಸೇಜ್ ನನಗೆ ಕಳಿಸು” ಅಂದೆ.

ಕಳಿಸಿದ್ಲು. ಅದರ ಹೆಸರು ‘ಕರಿಯರ್ ಸಪೋರ್ಟ್ ಪ್ಯಾಕೇಜ್’. ಒಂದು ಗುಂಪು ಪ್ರದರ್ಶನದಲ್ಲಿ ಎರಡು ಕೃತಿಗೆ ಜಾಗ. ಕ್ಯಾಟಲಾಗ್‌ನಲ್ಲಿ ಅರ್ಧ ಪುಟದ ವಿಮರ್ಶೆ. ಒಂದು ಸರ್ಟಿಫಿಕೇಟ್. ಒಂದು ಗಂಟೆ ‘ಮೆಂಟರಿಂಗ್’. ಕೃತಿ ಮಾರಾಟ ಆದರೆ ಶೇ 40 ಕಮಿಷನ್ ಬೇರೆ. ಕೊನೆಯಲ್ಲಿ, “ಮೂರೇ ಜಾಗ ಉಳಿದಿದೆ, ಶುಕ್ರವಾರದೊಳಗೆ ಕನ್ಫರ್ಮ್ ಮಾಡಿ”.

ಇದನ್ನ ಓದಿ ಇಡೀ ವ್ಯವಹಾರವೇ ಮೋಸ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅದು ಸರಿಯಾದ ಉತ್ತರ ಅಲ್ಲ. ಯಾಕಂದ್ರೆ ಕಲಾ ವಿಮರ್ಶಕರು, ಕ್ಯುರೇಟರ್‌ಗಳು ದುಡ್ಡು ತಗೊಂಡು ಕಲಾವಿದರಿಗೆ ನಿಜವಾಗಿಯೂ ಸಹಾಯ ಮಾಡ್ತಾರೆ. ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಎರಡನ್ನೂ ಬೇರೆ ಮಾಡೋದು ಹೇಗೆ ಅನ್ನೋದೇ ಇವತ್ತಿನ ಸಂಚಿಕೆ.

ಯಾರು ಏನು ಮಾಡ್ತಾರೆ?

ಮೊದಲು ಮೂರು ಹೆಸರು ಬಿಡಿಸಿಕೊಳ್ಳೋಣ. ಕಲಾ ವಿಮರ್ಶಕರು ಕೃತಿ ನೋಡಿ ಬರೀತಾರೆ. ಯಾಕೆ ಚೆನ್ನಾಗಿದೆ, ಎಲ್ಲಿ ಸೋತಿದೆ, ಹಿಂದಿನ ಯಾವ ಕೆಲಸದ ಜತೆ ಇಟ್ಟು ನೋಡಬೇಕು ಅಂತ ಹೇಳ್ತಾರೆ. ಕ್ಯುರೇಟರ್ ಒಂದು ಪ್ರದರ್ಶನ ಕಟ್ಟೋರು. ಯಾವ ಕೃತಿ, ಯಾಕೆ, ಯಾವುದರ ಪಕ್ಕ ಯಾವುದು ಅಂತ ಆಯ್ಕೆ ಮಾಡ್ತಾರೆ. ಲ್ಯಾಟಿನ್‌ನಲ್ಲಿ ‘ಕಾಳಜಿ ಮಾಡೋದು’ ಅನ್ನೋ ಅರ್ಥದ ಪದದಿಂದ ಬಂದ ಹೆಸರು ಅದು. ಗ್ಯಾಲರಿಯವರು ವ್ಯಾಪಾರಸ್ಥರು, ಕೃತಿ ಮಾರಿಕೊಡ್ತಾರೆ. ಮಾರಿದ ಬೆಲೆಯಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ಇಟ್ಟುಕೊಳ್ತಾರೆ.

ಈ ಮೂವರಲ್ಲಿ ವಿಮರ್ಶಕರಿಗೆ, ಸ್ವತಂತ್ರ ಕ್ಯುರೇಟರ್‌ಗಳಿಗೆ ತಿಂಗಳ ಸಂಬಳ ಇರೋದು ಅಪರೂಪ. ಪತ್ರಿಕೆಗಳಲ್ಲಿ ಕಲಾ ವಿಮರ್ಶೆಗೆ ಇದ್ದ ಜಾಗ ಕಮ್ಮಿಯಾಗಿದೆ. ಇನ್ನೊಂದು ಕಡೆ, ಕಲಾಶಾಲೆಯಲ್ಲಿ ನಾಲ್ಕು ವರ್ಷ ಕಲಿತು ಹೊರಗೆ ಬರೋ ಹುಡುಗ ಹುಡುಗಿಯರಿಗೆ ಬಣ್ಣ, ಮಾಧ್ಯಮ, ಸಂಯೋಜನೆ ಗೊತ್ತಿರುತ್ತೆ. ಬೆಲೆ ಹೇಗೆ ಇಡಬೇಕು, ಅರ್ಜಿ ಹೇಗೆ ಬರೀಬೇಕು, ಒಪ್ಪಂದದಲ್ಲಿ ಏನು ನೋಡಬೇಕು ಅಂತ ಎಷ್ಟೋ ಸಲ ಯಾರೂ ಹೇಳಿಕೊಟ್ಟಿರಲ್ಲ. ಒಬ್ಬರ ಹತ್ತಿರ ಅನುಭವ ಇದೆ, ಕೆಲಸ ಇಲ್ಲ. ಇನ್ನೊಬ್ಬರ ಹತ್ತಿರ ಕೆಲಸ ಇದೆ, ಅನುಭವ ಇಲ್ಲ. ಇಬ್ಬರೂ ಸೇರಿದ ಜಾಗದಲ್ಲೇ ಈ ‘ಕರಿಯರ್ ಸಪೋರ್ಟ್’ ಹುಟ್ಟಿರೋದು.

ಅದರೊಳಗೆ ಏನೇನು ಬರುತ್ತೆ? ನಿಮ್ಮ ಪೋರ್ಟ್‌ಫೋಲಿಯೊ ನೋಡಿ, ಇಪ್ಪತ್ತು ಚಿತ್ರದಲ್ಲಿ ಹನ್ನೆರಡು ತೆಗೆದುಹಾಕು ಅಂತ ಹೇಳೋದು. ಆರ್ಟಿಸ್ಟ್ ಸ್ಟೇಟ್‌ಮೆಂಟ್ ತಿದ್ದೋದು. ಅನುದಾನದ, ರೆಸಿಡೆನ್ಸಿಯ ಅರ್ಜಿ ನೋಡೋದು. ಬೆಲೆ ಲೆಕ್ಕ ಹಾಕಿಸೋದು. ಕೃತಿಗಳ ಫೋಟೊ, ಅಳತೆ, ವರ್ಷ, ಯಾರಿಗೆ ಮಾರಿದ್ದು ಅಂತೆಲ್ಲ ದಾಖಲೆ ಇಡೋದು ಹೇಳಿಕೊಡೋದು. ಇವೆಲ್ಲ ನಿಜವಾದ ಕೆಲಸ. ಇದಕ್ಕೆ ದುಡ್ಡು ಕೇಳಿದರೆ ತಪ್ಪಿಲ್ಲ. ಟ್ಯೂಷನ್ ಮೇಷ್ಟ್ರಿಗೆ ಫೀಸು ಕೊಡೋದಿಲ್ವಾ, ಹಾಗೆ.

ಹಿಂದೆಯೂ ಬೆನ್ನಿಗೆ ನಿಂತವರಿದ್ದರು

ಈ ಸಹಾಯ ಹೊಸದೇನಲ್ಲ. 1940ರ ದಶಕದ ಬಾಂಬೆಗೆ ಹೋಗಿ. ನಾಜಿಗಳ ಕಾಟಕ್ಕೆ ಯುರೋಪ್ ಬಿಟ್ಟು ಬಂದಿದ್ದ ಮೂವರು ಅಲ್ಲಿದ್ದರು. ರೂಡಿ ಫಾನ್ ಲೇಡನ್ ಟೈಮ್ಸ್ ಆಫ್ ಇಂಡಿಯಾಗೆ ಕಲಾ ವಿಮರ್ಶೆ ಬರೀತಿದ್ದರು. ವಾಲ್ಟರ್ ಲಾಂಗ್‌ಹ್ಯಾಮರ್ ಅದೇ ಪತ್ರಿಕೆಯ ಕಲಾ ನಿರ್ದೇಶಕ. ಇಮ್ಯಾನ್ಯುಯೆಲ್ ಷ್ಲೆಸಿಂಗರ್ ಕೃತಿ ಕೊಳ್ಳುತ್ತಿದ್ದ ಸಂಗ್ರಾಹಕ. 1947ರಲ್ಲಿ ಎಫ್.ಎನ್. ಸೋಜಾ, ಎಸ್.ಎಚ್. ರಜಾ, ಎಂ.ಎಫ್. ಹುಸೇನ್, ಕೆ.ಎಚ್. ಆರಾ ಮತ್ತಿತರರು ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದಾಗ ಈ ಮೂವರ ಬೆಂಬಲ ಅವರಿಗೆ ದೊಡ್ಡದಾಗಿತ್ತು. ಒಬ್ಬರು ಬರೆದರು, ಒಬ್ಬರು ಕಲಿಸಿದರು, ಒಬ್ಬರು ಕೊಂಡರು. ಆರಾ ಮನೆಗೆಲಸ ಮಾಡಿಕೊಂಡು ಚಿತ್ರ ಬರೀತಿದ್ದವರು. ಅವರನ್ನ ಗುರುತಿಸಿ ಪ್ರೋತ್ಸಾಹ ಕೊಟ್ಟವರಲ್ಲಿ ಲೇಡನ್ ಕೂಡ ಒಬ್ಬರು.

ನಮ್ಮ ಹತ್ತಿರಕ್ಕೆ ಬರೋಣ. ಬೆಂಗಳೂರಿನ ಶಾಂತಿನಗರದಲ್ಲಿ 1 ಶಾಂತಿರೋಡ್ ಅಂತ ಒಂದು ಜಾಗ ಇದೆ. ಕಲಾ ಇತಿಹಾಸಕಾರ, ಕ್ಯುರೇಟರ್ ಸುರೇಶ್ ಜಯರಾಮ್ 2003ರಲ್ಲಿ ಶುರು ಮಾಡಿದ್ದು. ಕಲಾವಿದರು ಬಂದು ಉಳಿದು ಕೆಲಸ ಮಾಡೋಕೆ, ತೋರಿಸೋಕೆ, ಕೂತು ಮಾತಾಡೋಕೆ ಇರೋ ಜಾಗ ಅದು. ಈಗ ‘ಮೆಂಟರಿಂಗ್’ ಅಂತ ಮಾರೋದರಲ್ಲಿ ಎಷ್ಟೋ ಭಾಗ ಇಂಥ ಕಡೆ ಒಂದು ಸಂಜೆಯ ಮಾತುಕತೆಯಲ್ಲಿ ಸಿಕ್ಕಿಬಿಡುತ್ತೆ.

ಹೊರದೇಶದಲ್ಲಿ ಇದನ್ನ ಸಂಸ್ಥೆಯಾಗಿಯೇ ಕಟ್ಟಿದವರಿದ್ದಾರೆ. 1999ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಕ್ರಿಯೇಟಿವ್ ಕ್ಯಾಪಿಟಲ್ ಕಲಾವಿದರಿಗೆ ಅನುದಾನ ಕೊಡೋದರ ಜತೆಗೆ ದುಡ್ಡು, ಯೋಜನೆ, ಸಮಯ ಇವನ್ನೆಲ್ಲ ನಿಭಾಯಿಸೋ ತರಬೇತಿಯನ್ನೂ ಕೊಡ್ತಾ ಬಂದಿದೆ. ಅದೇ ಊರಿನಲ್ಲಿ 2008ರಲ್ಲಿ ಹುಟ್ಟಿದ ವೇಜ್ ಅನ್ನೋ ಕಲಾವಿದರ ಗುಂಪಿನ ವಾದ ಸರಳ: ಪ್ರದರ್ಶನಕ್ಕೆ ಕರೆದ ಸಂಸ್ಥೆಯೇ ಕಲಾವಿದರಿಗೆ ಶುಲ್ಕ ಕೊಡಬೇಕು. ನನ್ನ ತಂಗಿಗೆ ಬಂದ ಮೆಸೇಜ್‌ನಲ್ಲಿ ದುಡ್ಡು ಹರಿಯೋದು ಪೂರ್ತಿ ಉಲ್ಟಾ ದಿಕ್ಕಿನಲ್ಲಿ, ಗಮನಿಸಿ.

ತೀರ್ಪು ಮಾರಾಟಕ್ಕೆ ಬಂದಾಗ

ಈಗ ಕೆಟ್ಟ ಭಾಗ. ಇದಕ್ಕೂ ಹಳೆಯ ಉದಾಹರಣೆ ಇದೆ. ಬರ್ನಾರ್ಡ್ ಬೆರೆನ್‌ಸನ್ ಅಂತ ಒಬ್ಬ ದೊಡ್ಡ ವಿದ್ವಾಂಸರು. ಇಟಲಿಯ ರಿನೈಸಾನ್ಸ್ ಕಾಲದ ಚಿತ್ರಗಳ ವಿಷಯದಲ್ಲಿ ಅವರ ಮಾತೇ ಕೊನೆ ಅನ್ನೋ ಕಾಲ ಇತ್ತು. ಹೆಸರಿಲ್ಲದ ಒಂದು ಚಿತ್ರ ನೋಡಿ “ಇದು ಇಂಥ ಮಹಾ ಕಲಾವಿದನದು” ಅಂದರೆ ಅದರ ಬೆಲೆ ಎಷ್ಟೋ ಪಟ್ಟು ಏರುತ್ತಿತ್ತು. 1912ರಲ್ಲಿ ಅವರು ಜೋಸೆಫ್ ಡುವೀನ್ ಅನ್ನೋ ಕಲಾ ವ್ಯಾಪಾರಿಯ ಜತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಚಿತ್ರ ಮಾರಿದ ಲಾಭದಲ್ಲಿ ಅವರಿಗೂ ಪಾಲು. ಚಿತ್ರ ಯಾರದ್ದು ಅಂತ ಹೇಳೋರಿಗೇ ಅದರ ಬೆಲೆಯಲ್ಲಿ ಪಾಲು! ಅವರು ಹೇಳಿದ್ದೆಲ್ಲ ಸುಳ್ಳು ಅಂತ ಅರ್ಥ ಅಲ್ಲ. ಆದರೆ ಯಾವುದು ಮನಸ್ಸಿನ ಮಾತು, ಯಾವುದು ಪಾಲಿನ ಮಾತು ಅಂತ ಬೇರೆ ಮಾಡೋದು ಆಮೇಲೆ ಕಷ್ಟವಾಯ್ತು. ಎಲ್ಲ ಮಾತಿನ ಮೇಲೂ ಅನುಮಾನ ಬಂತು.

ಬೇರೆಯವರ ಕಥೆ ಹೇಳಿ ನಾನು ತಪ್ಪಿಸಿಕೊಳ್ಳೋದು ಬೇಡ. ನನ್ನದೂ ಒಂದಿದೆ.

ಕೆಲವು ವರ್ಷದ ಹಿಂದೆ ನಾನು ಪತ್ರಿಕೆಗೆ ಕಲಾ ಪ್ರದರ್ಶನಗಳ ಬಗ್ಗೆ ಬರೀತಿದ್ದೆ. ಒಂದು ಲೇಖನಕ್ಕೆ ಸಿಗ್ತಿದ್ದ ದುಡ್ಡಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಬಹುದಿತ್ತು, ಅಷ್ಟೇ. ಆಗ ಒಬ್ಬ ಕಲಾವಿದರು ತಮ್ಮ ಪ್ರದರ್ಶನದ ಕ್ಯಾಟಲಾಗ್‌ಗೆ ಒಂದು ಬರಹ ಕೇಳಿದರು. ನಾಲ್ಕು ಸಾವಿರ ಕೊಟ್ಟರು. ಬರೆದೆ. ಚಿತ್ರಗಳು ನನಗೆ ಅಷ್ಟೇನೂ ಹಿಡಿಸಿರಲಿಲ್ಲ. ಆದರೂ ‘ವಿಶಿಷ್ಟ ಸಂವೇದನೆ’, ‘ಬಣ್ಣಗಳ ಧ್ಯಾನ’ ಅಂತೆಲ್ಲ ಬರೆದೆ. ಮುಂದಿನ ವಾರ ಅದೇ ಪ್ರದರ್ಶನದ ವಿಮರ್ಶೆ ಪತ್ರಿಕೆಗೆ ಬೇಕು ಅಂದರು. ಅದನ್ನೂ ನಾನೇ ಬರೆದೆ. ದುಡ್ಡು ತಗೊಂಡಿದ್ದೆ ಅಂತ ಸಂಪಾದಕರಿಗೆ ಹೇಳಲಿಲ್ಲ, ಓದುಗರಿಗೂ ಹೇಳಲಿಲ್ಲ.

ಒಂದು ವರ್ಷ ಆದಮೇಲೆ ಆ ಕಲಾವಿದರು ಸಿಕ್ಕರು. “ನಿಮ್ಮ ಬರಹ ಹಾಕ್ಕೊಂಡು ಮೂರು ಕಡೆ ಅರ್ಜಿ ಹಾಕಿದೆ ಸಾರ್, ಎಲ್ಲೂ ಆಗ್ಲಿಲ್ಲ. ನನ್ನ ಕೆಲಸದಲ್ಲಿ ಏನು ಕಮ್ಮಿ ಆಗಿದೆ ಅಂತ ಹೇಳಿ” ಅಂದರು. ನನ್ನ ಹತ್ತಿರ ಉತ್ತರ ಇತ್ತು. ಅದನ್ನ ಒಂದು ವರ್ಷ ಮೊದಲೇ ಹೇಳಬೇಕಿತ್ತು. ಅವರಿಗೆ ಬೇಕಾಗಿದ್ದದ್ದು ಅದು. ನಾನು ಕೊಟ್ಟಿದ್ದು ಹೊಗಳಿಕೆ. ಆ ದಿನದಿಂದ ಕಲಾವಿದರ ಕೈಯಿಂದ ದುಡ್ಡು ತಗೊಂಡು ಅವರ ಬಗ್ಗೆ ಬರೆಯೋದು ಬಿಟ್ಟೆ.

ಹಾಗಾಗಿ ನಾನು ಇಟ್ಟುಕೊಂಡಿರೋ ಅಳತೆಗೋಲು ಇದು: ಕಲಿಸೋದಕ್ಕೆ ದುಡ್ಡು ಕೊಡಿ. ಕೆಲಸ ಮಾಡಿಕೊಡೋದಕ್ಕೆ, ಅಂದರೆ ಫೋಟೊ, ವಿನ್ಯಾಸ, ಅನುವಾದ, ಸಾಗಣೆ ಇವಕ್ಕೆ ದುಡ್ಡು ಕೊಡಿ. ನಿಮ್ಮನ್ನ ‘ಆಯ್ಕೆ’ ಮಾಡೋದಕ್ಕೆ, ನಿಮ್ಮನ್ನ ಹೊಗಳೋದಕ್ಕೆ ದುಡ್ಡು ಕೊಡಬೇಡಿ. ದುಡ್ಡು ಕೊಟ್ಟು ತಗೊಂಡ ಆಯ್ಕೆಗೆ ಕಲಾಲೋಕದಲ್ಲಿ ಬೆಲೆ ಇಲ್ಲ. ಅರ್ಜಿ ನೋಡೋ ಜನರಿಗೆ ಇಂಥ ಪ್ರದರ್ಶನಗಳು ಯಾವುವು ಅಂತ ಸಾಮಾನ್ಯವಾಗಿ ಗೊತ್ತಿರುತ್ತೆ.

ಇಲ್ಲಿ ಒಂದು ವ್ಯತ್ಯಾಸ ಹೇಳಿಬಿಡ್ತೀನಿ. ಬಾಡಿಗೆ ಕೊಟ್ಟು ಗ್ಯಾಲರಿ ತಗೊಳ್ಳೋದು ಬೇರೆ ವಿಷಯ. ಕರ್ನಾಟಕ ಚಿತ್ರಕಲಾ ಪರಿಷತ್ತಿನಂಥ ಕಡೆ ಬಾಡಿಗೆ ಕಟ್ಟಿ ನಿಮ್ಮದೇ ಪ್ರದರ್ಶನ ಮಾಡಬಹುದು. ಅಲ್ಲಿ ಯಾರೂ ಬಾಡಿಗೆಯನ್ನ ‘ಆಯ್ಕೆ’ ಅಂತ ಕರೆಯೋದಿಲ್ಲ. ಜಾಗಕ್ಕೆ ದುಡ್ಡು, ಅಷ್ಟೇ. ಬಾಡಿಗೆಯನ್ನೇ ಗೌರವದ ಹಾಗೆ ಪ್ಯಾಕ್ ಮಾಡಿ ಕೊಡೋದು ಸಮಸ್ಯೆ.

ಮೂವತ್ತೆಂಟು ಸಾವಿರದ ಲೆಕ್ಕ

ಮಾರನೇ ದಿನ ತಂಗಿ ಜತೆ ಫೋನಲ್ಲಿ ಲೆಕ್ಕಕ್ಕೆ ಕೂತೆ. ಮೊದಲು ಅವಳ ಒಂದು ಕೃತಿಗೆ ಎಷ್ಟು ಖರ್ಚು ಅಂತ ಬರೆಸಿದೆ. ಸಾಮಾನಿಗೆ 1,600 ರೂಪಾಯಿ. ಫ್ರೇಮಿಗೆ 1,800. ಆರು ದಿನದ ಕೆಲಸ, ದಿನಕ್ಕೆ 600 ಅಂತ ಇಟ್ಟರೆ 3,600. ಒಟ್ಟು 7,000. ಅವಳು ಇಲ್ಲಿ ತನಕ ದಿನದ ಕೂಲಿ ಹಾಕಿಯೇ ಇರಲಿಲ್ಲ! “ಅಪ್ಪ ಹಮಾಲಿಗಿ ಪಗಾರ ಕೇಳ್ತಾನ, ನೀ ಯಾಕ ಕೇಳಂಗಿಲ್ಲ?” ಅಂದೆ. ನಕ್ಕಳು.

ಈಗ ಗ್ಯಾಲರಿ ಕಮಿಷನ್ ಶೇ 40 ಅಂದರೆ ನಿಮ್ಮ ಕೈಗೆ ಬರೋದು ಶೇ 60. ಏಳು ಸಾವಿರ ಕೈಗೆ ಬರಬೇಕು ಅಂದರೆ ಬೆಲೆ 11,700ರ ಹತ್ತಿರ ಇರಬೇಕು. ನಾವು 12,000 ಅಂತ ಇಟ್ಟೆವು. ಕಮಿಷನ್ ಹೋಗಿ 7,200 ಉಳಿಯುತ್ತೆ. ಈಗ ಪ್ಯಾಕೇಜ್ ನೋಡಿ. ಕಟ್ಟೋದು 38,000. ಗೋಡೆ ಮೇಲೆ ಇರೋದು ಎರಡೇ ಕೃತಿ. ಎರಡೂ ಮಾರಾಟ ಆದರೂ ಕೈಗೆ ಬರೋದು 14,400. ಅಂದರೆ ಎಲ್ಲವೂ ಅಂದುಕೊಂಡ ಹಾಗೇ ನಡೆದರೂ 23,600 ನಷ್ಟ. ಸಾಮಾನಿನ ಖರ್ಚು, ದಿಲ್ಲಿಗೆ ಕಳಿಸೋ ಕೊರಿಯರ್ ಬೇರೆ.

ಇನ್ನೊಂದು ಮಾತು. ಕಮಿಷನ್ ಮೇಲೆ ಬದುಕೋ ಗ್ಯಾಲರಿಗೆ ನಿಮ್ಮ ಕೃತಿ ಮಾರಾಟ ಆಗಲೇಬೇಕು. ಇಲ್ಲಾಂದ್ರೆ ಅವರಿಗೂ ಏನೂ ಸಿಗಲ್ಲ. ಅದಕ್ಕೇ ಸಂಗ್ರಾಹಕರಿಗೆ ಫೋನ್ ಮಾಡ್ತಾರೆ, ಕರೀತಾರೆ, ವಿವರಿಸ್ತಾರೆ. ಮೊದಲೇ ದುಡ್ಡು ತಗೊಂಡವರಿಗೆ ಬಾಗಿಲು ತೆಗೆಯೋ ಮೊದಲೇ ಲಾಭ ಬಂದಿರುತ್ತೆ. ಇಪ್ಪತ್ತು ಜನ ಕಲಾವಿದರು ತಲಾ 38,000 ಕಟ್ಟಿದರೆ 7,60,000 ರೂಪಾಯಿ. ಅವರ ನಿಜವಾದ ಗಿರಾಕಿ ಕೃತಿ ಕೊಳ್ಳೋರಲ್ಲ, ಕಲಾವಿದರೇ.

ದುಡ್ಡು ಕಟ್ಟೋ ಮೊದಲು ಕೇಳಬೇಕಾದ ಆರು ಪ್ರಶ್ನೆ

ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

1. ಈ ದುಡ್ಡು ನಿರ್ದಿಷ್ಟವಾಗಿ ಯಾವ ಕೆಲಸಕ್ಕೆ? ಬಿಡಿಬಿಡಿಯಾಗಿ ಬರೆದು ಕೊಡ್ತೀರಾ?

2. ನಾನು ದುಡ್ಡು ಕಟ್ಟದಿದ್ದರೆ ನನ್ನ ಕೃತಿ ಈ ಪ್ರದರ್ಶನದಲ್ಲಿ ಇರುತ್ತಾ? ಇಲ್ಲ ಅಂದರೆ ಅದು ಆಯ್ಕೆ ಅಲ್ಲ.

3. ನನ್ನ ಯಾವ ಕೃತಿ ನೋಡಿದ್ರಿ, ಅದರಲ್ಲಿ ಏನು ಹಿಡಿಸಿತು, ಏನು ಹಿಡಿಸಲಿಲ್ಲ? ನಿಜವಾಗಿ ನೋಡಿದವರು ಎರಡು ನಿಮಿಷ ಮಾತಾಡ್ತಾರೆ. ನೋಡದೇ ಇರೋರು “ಅದ್ಭುತ” ಅಂತಾರೆ.

4. ಹಿಂದೆ ನಿಮ್ಮ ಹತ್ತಿರ ಕಲಿತ ಇಬ್ಬರು ಕಲಾವಿದರ ಜತೆ ನಾನು ಮಾತಾಡಬಹುದಾ?

5. ನೀವೇ ತೀರ್ಪುಗಾರರಾಗಿರೋ ಪ್ರಶಸ್ತಿಗೆ ನಾನು ಅರ್ಜಿ ಹಾಕಿದರೆ ಏನು ಮಾಡ್ತೀರಿ? “ನಾನು ಆ ಸಮಿತಿಯಿಂದ ಹೊರಗೆ ಇರ್ತೀನಿ” ಅನ್ನೋದು ಸರಿಯಾದ ಉತ್ತರ. “ಅದೆಲ್ಲ ನಾನು ನೋಡ್ಕೊಳ್ತೀನಿ” ಅಂದರೆ ಅಲ್ಲಿಂದ ಎದ್ದು ಬನ್ನಿ.

6. ಪ್ರದರ್ಶನ ರದ್ದಾದರೆ, ಕೃತಿ ಹಾಳಾದರೆ, ವಾಪಸ್ ಬರದಿದ್ದರೆ ಯಾರು ಹೊಣೆ? ಕಾಗದದ ಮೇಲೆ ಇದೆಯಾ?

ಶುಕ್ರವಾರದೊಳಗೆ, ಮೂರೇ ಜಾಗ, ಇವತ್ತೇ ಕೊನೆ ಅಂತ ಅವಸರ ಮಾಡೋರ ಹತ್ತಿರ ಈ ಪ್ರಶ್ನೆ ಕೇಳಿ ನೋಡಿ. ನನ್ನ ತಂಗಿ ಎರಡನೇದು, ಮೂರನೇದು ಕೇಳಿದ್ಲು. ಮೂರನೇದಕ್ಕೆ ಬಂದ ಉತ್ತರ, “ನಿಮ್ಮ ಬಣ್ಣಗಳ ಬಳಕೆ ಅದ್ಭುತ”. ಅವಳು ಬಣ್ಣವನ್ನೇ ಬಳಸೋದಿಲ್ಲ.

ಕಾನೂನು ಏನು ಹೇಳುತ್ತೆ?

ಒಳ್ಳೆಯ ಕರಿಯರ್ ಸಲಹೆ ಕೊಡೋರು ಇದನ್ನ ಖಂಡಿತ ಹೇಳಿಕೊಡಬೇಕು. ಯಾರೂ ಹೇಳದಿದ್ದರೆ ನಾನು ಹೇಳ್ತೀನಿ.

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ನೀವು ಚಿತ್ರ ಬರೆದ ಕೂಡಲೇ ಕಾಪಿರೈಟ್ ನಿಮ್ಮದು. ಚಿತ್ರ ಮಾರಿದರೆ ಆ ಕ್ಯಾನ್‌ವಾಸ್ ಕೊಂಡವರದ್ದಾಗುತ್ತೆ. ಅದನ್ನ ಟೀ ಶರ್ಟ್ ಮೇಲೆ, ಕ್ಯಾಲೆಂಡರ್ ಮೇಲೆ ಅಚ್ಚು ಹಾಕೋ ಹಕ್ಕು ನಿಮ್ಮಲ್ಲೇ ಉಳಿಯುತ್ತೆ. ಆ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ನೀವು ಬರವಣಿಗೆಯಲ್ಲಿ ಸಹಿ ಮಾಡಿ ಕೊಟ್ಟಿರಬೇಕು. ಎಷ್ಟು ಕಾಲಕ್ಕೆ ಅಂತ ಅದರಲ್ಲಿ ಬರೆಯದೇ ಇದ್ದರೆ ಕಾನೂನು ಅದನ್ನ 5 ವರ್ಷ ಅಂತ ಲೆಕ್ಕ ಹಿಡಿಯುತ್ತೆ.

ಆದರೆ ಒಂದು ಕಡೆ ಹುಷಾರು. ಯಾರಾದರೂ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ, ಭಾವಚಿತ್ರಕ್ಕೆ ನಿಯಮ ತಿರುಗುಮುರುಗು. ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಹಾಗಾಗಿ ಕಮಿಷನ್ ಕೆಲಸ ಒಪ್ಪಿಕೊಳ್ಳುವಾಗ “ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ” ಅಂತ ಒಂದು ಸಾಲು ಬರೆಸಿಕೊಳ್ಳಿ. ಒಂದೇ ಸಾಲು, ಆದರೆ ನಿಮ್ಮ ಚಿತ್ರ ಮುಂದೆ ಎಲ್ಲೆಲ್ಲಿ ಅಚ್ಚಾಗುತ್ತೆ ಅನ್ನೋದನ್ನ ಅದೇ ತೀರ್ಮಾನ ಮಾಡುತ್ತೆ.

ಇನ್ನೊಂದು ಹಕ್ಕಿದೆ, ನೈತಿಕ ಹಕ್ಕು. ಶಿಲ್ಪಿ ಅಮರನಾಥ್ ಸೆಹಗಲ್ ದಿಲ್ಲಿಯ ವಿಜ್ಞಾನ ಭವನಕ್ಕೆ ಕಂಚಿನ ದೊಡ್ಡ ಭಿತ್ತಿಶಿಲ್ಪ ಮಾಡಿಕೊಟ್ಟಿದ್ದರು. 1979ರಲ್ಲಿ ಕಟ್ಟಡದ ದುರಸ್ತಿ ಅಂತ ಅದನ್ನ ಕಿತ್ತು ಗೋದಾಮಿಗೆ ಹಾಕಿದರು, ಹಾಳಾಯ್ತು. ಅವರು ಸರ್ಕಾರದ ವಿರುದ್ಧವೇ ಕೋರ್ಟಿಗೆ ಹೋದರು. 2005ರಲ್ಲಿ ದಿಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಉಳಿದ ಭಾಗಗಳನ್ನ ವಾಪಸ್ ಕೊಡಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು. ಕೃತಿ ಮಾರಿದ ಮೇಲೂ ಅದರ ಗೌರವದ ಮೇಲೆ ಕಲಾವಿದರಿಗೆ ಹಕ್ಕಿದೆ ಅಂತ ಆ ತೀರ್ಪು ಗಟ್ಟಿಯಾಗಿ ಹೇಳಿತು.

ದುಡ್ಡಿಲ್ಲದೆ ಎಲ್ಲಿ ಸಿಗುತ್ತೆ?

“ಸರಿ ಅಣ್ಣ, ಇದು ಬ್ಯಾಡ ಅಂದ್ರ ಮತ್ಯಾವುದು?” ಅಂತ ತಂಗಿ ಕೇಳಿದ್ಲು. ನ್ಯಾಯವಾದ ಪ್ರಶ್ನೆ. ನಾನು ಕೊಟ್ಟ ಪಟ್ಟಿ ಇದು.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. 1993ರಲ್ಲಿ ಹುಟ್ಟಿ, 1995ರಿಂದ ಅನುದಾನ ಕೊಡ್ತಿದೆ. ಅರ್ಜಿಯನ್ನ ಕನ್ನಡದಲ್ಲೇ ಬರೀಬಹುದು. ಇಂಗ್ಲಿಷ್ ಬರಲ್ಲ ಅಂತ ಹಿಂದೆ ಸರಿಯೋರಿಗೆ ಇದು ಗೊತ್ತಿರಬೇಕು.

ಕೊಚ್ಚಿ ಮುಜಿರಿಸ್ ಬಿನಾಲೆ 2012ರಲ್ಲಿ ಶುರುವಾಯ್ತು. ಅದರ ಜತೆ 2014ರಿಂದ ಸ್ಟೂಡೆಂಟ್ಸ್ ಬಿನಾಲೆ ನಡೀತಿದೆ, ಕಲಾಶಾಲೆಯ ವಿದ್ಯಾರ್ಥಿಗಳಿಗಾಗಿಯೇ. ಕ್ಯುರೇಟರ್‌ಗಳು ವಿದ್ಯಾರ್ಥಿಗಳ ಕೆಲಸ ನೋಡಿ ಆಯ್ಕೆ ಮಾಡ್ತಾರೆ. ಕ್ಯುರೇಟರ್ ಜತೆ ಕೆಲಸ ಮಾಡೋದು ಹೇಗಿರುತ್ತೆ ಅಂತ ಕಲಿಯೋಕೆ ಇದು ಒಳ್ಳೆ ದಾರಿ.

ದಿಲ್ಲಿಯಲ್ಲಿ 1997ರಿಂದ ಇರೋ ಖೋಜ್‌ನ ರೆಸಿಡೆನ್ಸಿಗಳು, ಇನ್‌ಲಾಕ್ಸ್ ಪ್ರತಿಷ್ಠಾನದ ಯುವ ಕಲಾವಿದರ ಪ್ರಶಸ್ತಿ, ಕೇಂದ್ರ ಲಲಿತಕಲಾ ಅಕಾಡೆಮಿ, ನಮ್ಮ ಕರ್ನಾಟಕ ಲಲಿತಕಲಾ ಅಕಾಡೆಮಿ, ಇವುಗಳ ಪ್ರಕಟಣೆ ಮೇಲೆ ಕಣ್ಣಿಡಿ. ಅಲ್ಲಿ ನಿಮ್ಮನ್ನ ಆಯ್ಕೆ ಮಾಡೋರಿಗೆ ನೀವು ಸಂಬಳ ಕೊಡಬೇಕಾಗಿಲ್ಲ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತೆ. ಅಲ್ಲಿ ಕೊಳ್ಳೋರನ್ನ ಮುಖಾಮುಖಿ ನೋಡಬಹುದು. ಜನ ಯಾವ ಚಿತ್ರದ ಮುಂದೆ ನಿಲ್ತಾರೆ, ಯಾವ ಬೆಲೆ ಕೇಳಿ ಮುಂದೆ ಹೋಗ್ತಾರೆ ಅಂತ ಒಂದೇ ದಿನದಲ್ಲಿ ಅರ್ಥ ಆಗುತ್ತೆ.

ಕೊನೆಯದು, ಖರ್ಚೇ ಇಲ್ಲದ್ದು. ನಾಲ್ಕೈದು ಜನ ಸ್ನೇಹಿತರು ತಿಂಗಳಿಗೊಮ್ಮೆ ಸೇರಿ. ಒಬ್ಬರ ಕೆಲಸ ನಡುವೆ ಇಡಿ. ಮೊದಲ ಹತ್ತು ನಿಮಿಷ ಕಲಾವಿದರು ಮಾತಾಡಬಾರದು, ಬೇರೆಯವರು ತಮಗೆ ಏನು ಕಾಣ್ತಿದೆ ಅಂತ ಮಾತ್ರ ಹೇಳಬೇಕು. ‘ಸೂಪರ್’ ಅನ್ನೋ ಪದ ನಿಷೇಧ.

ತಂಗಿ ಏನು ಮಾಡಿದ್ಲು?

ಪ್ಯಾಕೇಜ್ ಬೇಡ ಅಂದಳು. ಎರಡು ದಿನ ಬೇಜಾರಲ್ಲಿದ್ದಳು. ಅದು ನನಗೂ ಅರ್ಥ ಆಗುತ್ತೆ. ಯಾರೋ ದೂರದ ಊರಿನವರು ನಿನ್ನ ಕೆಲಸ ಚೆನ್ನಾಗಿದೆ ಅಂದಾಗ ಆಗೋ ಖುಷಿ ಸುಳ್ಳಲ್ಲ. ಆ ಖುಷಿಯ ಮೇಲೇ ಈ ವ್ಯಾಪಾರ ನಡೆಯೋದು.

ಆಮೇಲೆ ನಾನು ನಂಬೋ ಒಬ್ಬ ಸ್ವತಂತ್ರ ಕ್ಯುರೇಟರ್ ಹತ್ತಿರ ಒಂದು ಗಂಟೆ ವಿಡಿಯೊ ಕಾಲ್ ಮಾಡಿಸಿದೆ. ಫೀಸು ಎರಡು ಸಾವಿರ, ಮೊದಲೇ ಹೇಳಿದ್ದರು. ಅರ್ಧ ನಾನು ಕೊಟ್ಟೆ, ಅರ್ಧ ಅವಳು ಕೊಟ್ಟಳು. ಅವಳ ದುಡ್ಡೂ ಇರಲಿ ಅಂತ ಅವಳೇ ಹಟ ಮಾಡಿದ್ಲು.

ತಂಗಿ ಕೆಲಸ ಮಾಡೋದು ಮೆಣಸಿನಕಾಯಿ ತುಂಬಿದ ಹಳೇ ಗೋಣಿಚೀಲದ ಮೇಲೆ. ಹೊಲಿಗೆ ಹಾಕ್ತಾಳೆ, ಹರೀತಾಳೆ, ತೇಪೆ ಹಚ್ಚುತ್ತಾಳೆ. ಅವಳ ಸ್ಟೇಟ್‌ಮೆಂಟ್ ಮಾತ್ರ, “ನನ್ನ ಕೃತಿಗಳು ಅಸ್ತಿತ್ವದ ಬಹುಸ್ತರೀಯ ಆಯಾಮಗಳನ್ನು ಅನ್ವೇಷಿಸುತ್ತವೆ” ಅಂತ ಶುರುವಾಗ್ತಿತ್ತು. ಆ ಕ್ಯುರೇಟರ್ ಅದನ್ನ ಓದಿ ಸುಮ್ಮನಿದ್ದರು. ಆಮೇಲೆ ಕೇಳಿದರು, “ಈ ಚೀಲ ಯಾರದ್ದಮ್ಮ?”

“ಅಪ್ಪ ಹೊರೂ ಚೀಲ ಮೇಡಂ. ಹರಿದಿದ್ದನ್ನ ಮನೀಗ ತರ್ತಾನ. ಮುಟ್ಟಿದ್ರ ಕೈ ಉರೀತಾವ, ಆಮ್ಯಾಲೆ ಎರಡು ದಿನ ಕಣ್ಣು ಮುಟ್ಟಂಗಿಲ್ಲ.”

“ಇದನ್ನೇ ಬರಿ” ಅಂದರು. ಆಮೇಲೆ ಹದಿನೆಂಟು ಕೃತಿಯಲ್ಲಿ ಏಳನ್ನ ಮಾತ್ರ ಉಳಿಸಿದರು. ಎರಡು ಚೆನ್ನಾಗಿಲ್ಲ ಅಂತ ನೇರವಾಗಿ ಹೇಳಿದರು, ಯಾಕೆ ಅಂತಲೂ ಹೇಳಿದರು. ಕೊನೆಗೆ ತಂಗಿ ಹಿಂಜರಿಯುತ್ತಾ ಕೇಳಿದ್ಲು, ನನ್ನ ಬಗ್ಗೆ ನೀವು ಒಂದು ಪುಟ ಬರೆದುಕೊಡ್ತೀರಾ ಅಂತ. ಅವರು ಒಪ್ಪಲಿಲ್ಲ. “ಇವತ್ತು ನಿನ್ನ ಹತ್ತಿರ ಫೀಸು ತಗೊಂಡಿದ್ದೀನಿ, ಹಾಗಾಗಿ ಬರೆಯಲ್ಲ. ಇನ್ನೆರಡು ವರ್ಷ ಕೆಲಸ ಮಾಡು. ಎಲ್ಲಾದರೂ ಪ್ರದರ್ಶನ ಇದ್ದರೆ ಕರಿ, ನನ್ನ ಖರ್ಚಲ್ಲೇ ಬಂದು ನೋಡ್ತೀನಿ.”

ನಾನು ನಾಲ್ಕು ಸಾವಿರಕ್ಕೆ ಬರೆದ ಆ ಕ್ಯಾಟಲಾಗ್ ಬರಹ ಆಗ ನೆನಪಾಯ್ತು.

ತಂಗಿ ಈಗ ಹೊಸ ಸ್ಟೇಟ್‌ಮೆಂಟ್ ಬರೆದಿದ್ದಾಳೆ, ಕನ್ನಡದಲ್ಲಿ, ಎಂಟು ಸಾಲು. ಒಂದು ಅನುದಾನಕ್ಕೆ ಅರ್ಜಿ ಹಾಕಿದ್ದಾಳೆ. ಫಲಿತಾಂಶ ಬರೋಕೆ ಇನ್ನೂ ಸಮಯ ಇದೆ. ಕಾಕಾನಿಗೆ ಇಡೀ ವಿಷಯ ಆಮೇಲೆ ಹೇಳಿದ್ವಿ. ಅವರು ಕೇಳಿದ್ದು ಒಂದೇ ಪ್ರಶ್ನೆ, “ಹರಕು ಚೀಲ ಇನ್ನೂ ಬೇಕೇನ್ವಾ?”

ನಿಮಗೂ ಇಂಥ ಮೆಸೇಜ್ ಬಂದಿದ್ದರೆ ಆ ಆರು ಪ್ರಶ್ನೆ ಕಳಿಸಿ ನೋಡಿ, ಏನು ಉತ್ತರ ಬಂತು ಅಂತ ನಮಗೆ ತಿಳಿಸಿ. ಕಲಾಶಾಲೆಯಲ್ಲಿ ಓದ್ತಿರೋ ಸ್ನೇಹಿತರಿದ್ದರೆ ಈ ಸಂಚಿಕೆ ಅವರಿಗೆ ಫಾರ್ವರ್ಡ್ ಮಾಡಿ. ಮುಂದಿನ ವಾರ ಮತ್ತೆ ಸಿಗೋಣ.